ಫಾಲಿರೊ ತೀರದಲ್ಲಿ ಅವೆರೋಫ್

ಅಥೆನ್ಸ್‌ಗೆ ಬಂದವರು ಮೊದಲು ಅಕ್ರೊಪೊಲಿಸ್ ಗುಡ್ಡ ಹತ್ತುತ್ತಾರೆ. ನಾನು ಸಿಂಟಾಗ್ಮಾ ಚೌಕದಲ್ಲಿ ಟ್ರಾಮ್ ಹತ್ತಿ ಸಮುದ್ರದ ಕಡೆ ಹೊರಟೆ. ಫಾಲಿರೊ ತೀರದ ಟ್ರೊಕಡೆರೊ ನಿಲ್ದಾಣದಲ್ಲಿ ಇಳಿದು ರಸ್ತೆ ದಾಟಿ ಸ್ವಲ್ಪ ನಡೆದರೆ ಸಾಕು, ಮೂರು ಹೊಗೆಕೊಳವೆಗಳು ಕಾಣಿಸಿದವು. ಅದೇ ಯೋರ್ಗಿಯೊಸ್ ಅವೆರೋಫ್, ಗ್ರೀಸಿನ ಹಳೆಯ ಯುದ್ಧನೌಕೆ. ವರ್ಷಗಳಿಂದ ಚಿತ್ರದಲ್ಲಷ್ಟೇ ನೋಡಿದ್ದ ಹಡಗು. ಉದ್ದ 140 ಮೀಟರ್, ಮೈತುಂಬ ರಿವೆಟ್ಟು.

ರಾಜನ ಹೆಸರಲ್ಲ, ಸೇನಾಪತಿಯ ಹೆಸರೂ ಅಲ್ಲ. ಅವೆರೋಫ್ ಒಬ್ಬ ವ್ಯಾಪಾರಿ. ಸಮುದ್ರವೇ ಇಲ್ಲದ ಮೆತ್ಸೊವೊ ಎಂಬ ಬೆಟ್ಟದೂರಿನಲ್ಲಿ ಹುಟ್ಟಿ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ದುಡಿದು ಸಿರಿವಂತನಾದವನು. 1899ರಲ್ಲಿ ತೀರಿಕೊಳ್ಳುವ ಮುನ್ನ ನೌಕಾಪಡೆಗೆಂದು ಉಯಿಲಿನಲ್ಲಿ ಹಣ ಬರೆದಿಟ್ಟಿದ್ದ. ಇಟಲಿಯ ಲಿವೊರ್ನೊದಲ್ಲಿ ಕಟ್ಟಿದ ಈ ಹಡಗು 1910ರಲ್ಲಿ ನೀರಿಗಿಳಿದಾಗ ಅದರ ಬೆಲೆಯ ಸುಮಾರು ಮೂರನೇ ಒಂದು ಪಾಲು ಅವನ ಗಂಟಿನಿಂದ ಬಂದಿತ್ತು.

ಮೆಟ್ಟಿಲು ಹತ್ತಿ ಮೇಲೆ ಹೋದೆ. ಮುಂಭಾಗದ 234 ಮಿ.ಮೀ. ಫಿರಂಗಿಯ ನಳಿಗೆ ಬಿಸಿಲಿಗೆ ಕಾದಿತ್ತು, ಅಂಗೈ ಇಟ್ಟವನು ತಟ್ಟನೆ ಹಿಂದೆಗೆದೆ. 1912ರ ಡಿಸೆಂಬರ್‌ನಲ್ಲಿ ಡಾರ್ಡನೆಲ್ಸ್ ಜಲಸಂಧಿಯ ಬಾಯಲ್ಲಿ ಆಟೊಮನ್ ನೌಕಾಪಡೆಯ ಮೇಲೆ ಸಿಡಿದ ಫಿರಂಗಿ ಇದು. ಅಂದು ಅವೆರೋಫ್ ಜೊತೆ ಹೈಡ್ರಾ, ಸ್ಪೆಟ್ಸೆ, ಪ್ಸಾರಾ ಎಂಬ ಮೂರು ಹಳೆಯ ಹಡಗುಗಳಿದ್ದವು. 1821ರ ಗ್ರೀಕ್ ಸ್ವಾತಂತ್ರ್ಯ ಸಮರಕ್ಕೆ ತಮ್ಮ ವ್ಯಾಪಾರದ ಹಡಗುಗಳನ್ನೇ ಕೊಟ್ಟ ಮೂರು ದ್ವೀಪಗಳ ಹೆಸರು ಅವು. ಆದರೆ ಅವುಗಳ ವೇಗ ಸಾಲದು. ಅಡ್ಮಿರಲ್ ಪಾವ್ಲೊಸ್ ಕುಂಡುರಿಯೊಟಿಸ್ ತಾನು ಸ್ವತಂತ್ರವಾಗಿ ಸಾಗುವೆನೆಂಬ ಸಂಕೇತವಾದ 'ಝಡ್' ಬಾವುಟ ಏರಿಸಿ, ಅವನ್ನು ಹಿಂದೆ ಬಿಟ್ಟು ಅವೆರೋಫ್ ಒಂದನ್ನೇ ಮುನ್ನುಗ್ಗಿಸಿದ. ಅವನು ಹೈಡ್ರಾ ದ್ವೀಪದವನೇ! ಸ್ವಂತ ಊರಿನ ಹೆಸರು ಹೊತ್ತ ಹಡಗು ಹಿಂದೆ ಉಳಿಯಿತು, ಬೆಟ್ಟದ ವ್ಯಾಪಾರಿಯ ಹೆಸರು ಗೆಲುವು ತಂದಿತು. ಆ ಫಿರಂಗಿಯ ಪಕ್ಕ ಬಹಳ ಹೊತ್ತು ನಿಂತೆ.

ಆ ಕಾಳಗದ ಹೆಸರು 'ಎಲ್ಲಿ', ಅಲ್ಲಿನ ಭೂಶಿರದಿಂದ ಬಂದದ್ದು. ಚೀನಾಕ್ಕೆಂದು ಅಮೆರಿಕದಲ್ಲಿ ಕಟ್ಟುತ್ತಿದ್ದ ಕ್ರೂಸರ್ ಒಂದನ್ನು 1914ರಲ್ಲಿ ಕೊಂಡ ಗ್ರೀಕರು ಅದಕ್ಕೆ 'ಎಲ್ಲಿ' ಎಂದೇ ಹೆಸರಿಟ್ಟರು. 1940ರ ಆಗಸ್ಟ್ 15, ಮಾತೆ ಮರಿಯಳ ಹಬ್ಬ. ಟಿನೊಸ್ ದ್ವೀಪದ ಬಳಿ ಲಂಗರು ಹಾಕಿದ್ದ ಆ ಹಡಗನ್ನು ಇಟಲಿಯ ಜಲಾಂತರ್ಗಾಮಿ ಟಾರ್ಪಿಡೊ ಹೊಡೆದು ಮುಳುಗಿಸಿತು. ಗ್ರೀಸ್, ಇಟಲಿ ನಡುವೆ ಇನ್ನೂ ಯುದ್ಧವೇ ಘೋಷಣೆಯಾಗಿರಲಿಲ್ಲ. ಕನ್ನಡದ ಕಿವಿಗೆ ಆ ಹೆಸರು ಪ್ರಶ್ನೆಯಂತೆ ಕೇಳುತ್ತದೆ, ಎಲ್ಲಿ? ಉತ್ತರವನ್ನು ಗ್ರೀಕರು ಕೊಟ್ಟರು: ಯುದ್ಧದ ನಂತರ ಇಟಲಿ ಪರಿಹಾರವಾಗಿ ಒಪ್ಪಿಸಿದ ಕ್ರೂಸರ್‌ಗೆ ಅದೇ ಹೆಸರು, ಎಂಬತ್ತರ ದಶಕದಲ್ಲಿ ಬಂದ ಫ್ರಿಗೇಟ್‌ಗೂ ಅದೇ. ಹೈಡ್ರಾ, ಸ್ಪೆಟ್ಸೆ, ಪ್ಸಾರಾ ಕೂಡ ಇಂದಿನ ಫ್ರಿಗೇಟ್‌ಗಳ ಹೆಸರು. ನಮ್ಮ ನೌಕಾಪಡೆಯಲ್ಲೂ ಹೀಗೇ. 1957ರ ಕ್ರೂಸರ್ ಮೈಸೂರು ನಿವೃತ್ತಿಯಾದ ಮೇಲೆ 1999ರಲ್ಲಿ ಇನ್ನೊಂದು ಮೈಸೂರು ಬಂತು, ಲಾಂಛನದಲ್ಲಿ ಗಂಡಭೇರುಂಡ ಹೊತ್ತು.

ಕೆಳಗಿನ ಅಂತಸ್ತಿನಲ್ಲಿ ತಲೆ ತಗ್ಗಿಸಿ ನಡೆಯುತ್ತ ಹೋದಾಗ ನನಗೆ ನೆನಪಾದದ್ದು ನಮ್ಮ ಬಾಂಬೆ. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಅಥೆನ್ಸ್ ಹತ್ತಿರ ಬಂದಾಗ, ಹಡಗು ಶತ್ರುವಿಗೆ ಸಿಗಬಾರದೆಂದು ಮುಳುಗಿಸುವ ಆಜ್ಞೆ ಬಂದಿತ್ತು. ನಾವಿಕರು ಒಪ್ಪಲಿಲ್ಲ. ಕ್ರೀಟ್ ದಾಟಿ ಅಲೆಕ್ಸಾಂಡ್ರಿಯಾಕ್ಕೆ, ಅಲ್ಲಿಂದ ಸೂಯೆಜ್ ದಾಟಿ ಬಾಂಬೆಗೆ ಬಂದರು. ಮೂವತ್ತು ವರ್ಷ ದಾಟಿದ ಈ ಹಡಗು ಹಿಂದೂ ಮಹಾಸಾಗರದಲ್ಲಿ ಸರಕು ಹಡಗುಗಳಿಗೆ ಕಾವಲಾಗಿ ಓಡಾಡಿತು. 1944ರ ಅಕ್ಟೋಬರ್‌ನಲ್ಲಿ, ದೇಶ ಬಿಟ್ಟು ಹೋಗಿದ್ದ ಸರ್ಕಾರವನ್ನು ಹೊತ್ತು ತವರಿಗೆ ಮರಳಿತು.

ಅವೆರೋಫ್‌ನ ಹತ್ತಿರವೇ ಮರದ ಒಲಿಂಪಿಯಾಸ್ ಇದೆ. ಪ್ರಾಚೀನ ಅಥೆನ್ಸಿನ ತ್ರಿಸ್ತರ ಹುಟ್ಟುಗಳ ಹಡಗನ್ನು 1987ರಲ್ಲಿ ಮರುಸೃಷ್ಟಿಸಿದ್ದು, 170 ಮಂದಿ ಹುಟ್ಟು ಹಾಕಬೇಕು. ಆ ಕಾಲದ ಹಡಗುಗಳಿಗೂ ಒಂದೊಂದು ಹೆಸರಿತ್ತು. ಅಥೆನ್ಸಿನ ಪವಿತ್ರ ದೂತಹಡಗುಗಳು ಸಲಾಮಿನಿಯಾ ಮತ್ತು ಪಾರಾಲೊಸ್. ಹಿತ್ತಾಳೆಯಂತೆ ಹೊಳೆಯುವ ಒಲಿಂಪಿಯಾಸ್‌ನ ಮೂತಿಯ ಮುಂದೆ ನಿಂತು ಆ ಎರಡು ಹೆಸರನ್ನು ನಿಧಾನವಾಗಿ ಬಾಯಿಬಿಟ್ಟು ಹೇಳಿಕೊಂಡೆ.

ಅವೆರೋಫ್ ಈಗಲೂ ಸೇವೆಯಲ್ಲಿರುವ ಹಡಗೆಂದೇ ಲೆಕ್ಕ. ಗ್ರೀಕ್ ಯುದ್ಧನೌಕೆಗಳು ಎದುರಿಗೆ ಹಾದುಹೋಗುವಾಗ ಗೌರವ ಸಲ್ಲಿಸುತ್ತವಂತೆ. ಸಂಜೆಯವರೆಗೂ ದಡದಲ್ಲಿ ಕಾದೆ; ಒಂದೂ ಬರಲಿಲ್ಲ. ಟ್ರಾಮ್ ಬಂತು.