ಇಕೋ ನೆಲ ಬೇಕು ಅಂದ್ರೆ ಶೆಡ್ಯೂಲಲ್ಲಿ ಅದಕ್ಕೆ ದಿನ ಕೊಡಿ

ಮೈಸೂರಿನ ಬೋಗಾದಿ ಕಡೆ ಒಂದು ಮನೇಲಿ ರೆಡ್ ಆಕ್ಸೈಡ್ ನೆಲ, ಅಂದ್ರೆ ಸಿಮೆಂಟಿಗೆ ಕೆಂಪು ಪುಡಿ ಬೆರ್ಸಿ ಮಾಡೋ ಹಳೇ ಕಾಲದ ನೆಲ, ಮಾಡ್ಸಿದ ವಿಚಾರ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು. ನಾನು ಕಂಪ್ನಿ ಪರವಾಗಿ ಆ ಸೈಟ್ ನೋಡ್ಕೊಳ್ತಿದ್ದೆ, ಒಂದು ದಿನ ಕೆಲ್ಸ ನಿಲ್ಸಿದ್ದಕ್ಕೆ ಆವತ್ತಿನ ಕೂಲಿ ದುಡ್ಡು ನನ್ನ ಹೆಸ್ರಿಗೆ ಡೆಬಿಟ್ ಆಗಿದ್ದು ಇನ್ನೂ ಹಾಗೇ ಇದೆ, ಸಿಟ್ಟೂ ಹಾಗೇ ಇದೆ.

ಮನೆ ಕಟ್ಟಿಸ್ತಿದ್ದ ಮೇಡಂ ಕಾಲೇಜ್ ಲೆಕ್ಚರರ್. ಮೊದಲ ಮೀಟಿಂಗಲ್ಲೇ ಹೇಳಿದ್ರು, ನೆಲ ಮಾತ್ರ ಪರಿಸರಕ್ಕೆ ಹಾನಿ ಕಮ್ಮಿ ಇರೋದೇ ಆಗ್ಬೇಕು, ಎರಡು ಕಾಸು ಜಾಸ್ತಿ ಆದ್ರೂ ಪರ್ವಾಗಿಲ್ಲ ಅಂತ. ನಮ್ಮ ಸೇಲ್ಸಿನವರು ಬಿಓಕ್ಯೂನಲ್ಲಿ (ಸಾಮಾನು, ಅಳತೆ, ರೇಟಿನ ಪಟ್ಟೀಲಿ) "ಇಕೋ ಪ್ಲ್ಯಾಂಕ್" ಅಂತ ಹಾಕಿ ಕಳ್ಸಿಬಿಟ್ರು. ಅದು ಎಸ್‌ಪಿಸಿ ಅನ್ನೋ ರೆಡಿಮೇಡ್ ಹಲಗೆ. ಮೇಡಂ ಸ್ಯಾಂಪಲ್ ಕೈಯಲ್ಲಿ ಹಿಡ್ಕೊಂಡು "ಇದ್ರಲ್ಲಿ ಏನೇನಿದೆ?" ಅಂದ್ರು, ಸೇಲ್ಸ್ ಹುಡುಗ "ಸ್ಟೋನ್ ಮೇಡಂ" ಅಂದ. ಸುಣ್ಣದ ಕಲ್ಲಿನ ಪುಡಿ ಇರೋದು ನಿಜ, ಆದ್ರೆ ಅದನ್ನ ಹಿಡಿದಿಟ್ಟಿರೋದು ಪಿವಿಸಿ, ಅಂದ್ರೆ ಪ್ಲಾಸ್ಟಿಕ್ಕು. ನಾನು ಅದನ್ನ ಅಲ್ಲೇ ಹೇಳ್ದೆ. ನೀರಿಗೆ ಹಾಳಾಗಲ್ಲ, ಒಂದೇ ದಿನದಲ್ಲಿ ಹಾಕ್ಬೋದು, ಎಲ್ಲಾ ಸರಿ, ಆದ್ರೆ ನಾಳೆ ಕಿತ್ತಾಗ ತಗೊಳ್ಳೋ ಗುಜರಿಯವನು ನಮ್ಮೂರಲ್ಲಿ ನಂಗಂತೂ ಇನ್ನೂ ಸಿಕ್ಕಿಲ್ಲ. ಮೀಟಿಂಗ್ ಮುಗಿಯೋವರೆಗೂ ಆ ಹುಡುಗ ನನ್ನ ಮುಖ ನೋಡ್ಲಿಲ್ಲ.

ಆಮೇಲೆ ಒಂದೊಂದೇ ನೋಡ್ತಾ ಬಂದ್ವಿ. ಬಿದಿರು ಚೆನ್ನಾಗೇ ಇದೆ, ಮೂರರಿಂದ ಐದು ವರ್ಷಕ್ಕೆ ಕಟಾವಿಗೆ ಬರೋ ಗಿಡ, ಆದ್ರೆ ಆ ಹಲಗೆನ ಅಂಟಿಸೋ ಗೋಂದಲ್ಲಿ ಫಾರ್ಮಾಲ್ಡಿಹೈಡ್ ಅನ್ನೋ ಆರೋಗ್ಯಕ್ಕೆ ಒಳ್ಳೇದಲ್ಲದ ರಾಸಾಯನಿಕ ಎಷ್ಟಿದೆ ಅಂತ ಡೀಲರ್ ಹತ್ರ ಪೇಪರ್ ಕೇಳಿದ್ರೆ ಬ್ರೋಷರ್ ಕೊಡ್ತಾರೆ. ವಿಟ್ರಿಫೈಡ್ ಟೈಲ್ಸ್ ಸುಮಾರು 1200 ಡಿಗ್ರಿ ಶಾಖದಲ್ಲಿ ಸುಟ್ಟಿದ್ದು, ಅದೂ ಗುಜರಾತಿನ ಮೋರ್ಬಿಯಿಂದ ಇಲ್ಲಿಗೆ 1500 ಕಿಲೋಮೀಟರಿಗೂ ಮೇಲೆ ಲಾರೀಲಿ ಬರ್ಬೇಕು. ಹತ್ತಿರದ ಕಲ್ಲೇ ಹಾಕ್ಸೋಣ ಅಂದ್ರು ಮೇಡಂ. ಹತ್ತಿರದ್ದು ಅಂದ್ಕೂಡ್ಲೇ ಒಳ್ಳೇದು ಅಂತಲ್ಲ, ಬೇಬಿ ಬೆಟ್ಟದ ಕಡೆ ಸಿಡಿಸಿ ಸಿಡಿಸಿ ಕೊನೆಗೆ 2024ರಲ್ಲಿ ಹೈಕೋರ್ಟೇ ಕೆಆರ್‌ಎಸ್ ಅಣೆಕಟ್ಟಿನ 20 ಕಿಲೋಮೀಟರ್ ಸುತ್ತ ಗಣಿಗಾರಿಕೆ ನಿಲ್ಸಿ ಅಂತ ಹೇಳ್ಬೇಕಾಯ್ತು. ಶಹಾಬಾದ್ ಕಲ್ಲು, ತಮಿಳುನಾಡಿನ ಆತಂಗುಡಿ ಟೈಲ್ಸ್ ಎರಡೂ ನಂಗಿಷ್ಟ. ಆತಂಗುಡೀದು ಗೂಡಲ್ಲಿ ಸುಡೋದೇ ಇಲ್ಲ, ಗಾಜಿನ ಮೇಲೆ ಎರಕ ಹೊಯ್ದು ನೀರಲ್ಲಿ ನೆನಸಿ ಒಣಗಿಸ್ತಾರೆ. ಆದ್ರೆ ಮೇಡಂ ತಾತನ ಮನೆ ಅಗ್ರಹಾರದಲ್ಲಿತ್ತಂತೆ, ಆ ಕೆಂಪು ನೆಲ ಅವ್ರ ಮನಸ್ಸಲ್ಲಿ ಕೂತಿತ್ತು. ರೆಡ್ ಆಕ್ಸೈಡ್ ಅಂತ ಫೈನಲ್ ಆಯ್ತು.

ಅದ್ರಲ್ಲೂ ಸಿಮೆಂಟ್ ಇದೆಯಲ್ಲ ಅಂತ ಕೇಳ್ಬೋದು. ಇದೆ. ಜಗತ್ತಿನ ಇಂಗಾಲದ ಹೊಗೆಯಲ್ಲಿ ಸುಮಾರು ಶೇಕಡ 8 ಸಿಮೆಂಟಿಂದಾನೇ ಬರೋದು. ಅದಕ್ಕೇ ಕಲ್ಲಿದ್ದಲು ಸುಟ್ಟ ಹಾರುಬೂದಿ ಸೇರ್ಸಿರೋ ಪಿಪಿಸಿ ಸಿಮೆಂಟ್ ತಗೊಂಡ್ವಿ. ಟೈಲ್ಸ್ ಹಾಕ್ಬೇಕಾದ್ರೂ ಕೆಳಗೆ ಬೆಡ್, ಅಂದ್ರೆ ಸಿಮೆಂಟ್ ಗಾರೆಯ ಪದರ, ಬೇಕೇ ಬೇಕು, ಇಲ್ಲಿ ಅದರ ಮೇಲೆ ತೆಳ್ಳಗೆ ಒಂದು ಕೋಟು, ಅಷ್ಟೇ. ಸರಿಯಾಗಿ ಮಾಡಿದ್ರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ.

ಆ "ಸರಿಯಾಗಿ" ಅನ್ನೋದ್ರಲ್ಲೇ ಬಂದಿದ್ದು ತೊಂದರೆ. ಏಪ್ರಿಲ್ ತಿಂಗಳು. ಮೇಸ್ತ್ರಿ ಮಳವಳ್ಳಿ ಕಡೆಯವರು, ವಯಸ್ಸಾದವರು, ಈ ಕೆಲ್ಸ ಗೊತ್ತಿರೋರು ಈಗ ಸಿಗೋದೇ ಕಷ್ಟ. ಬೆಳಿಗ್ಗೆ ಆರಕ್ಕೇ ಬಂದ್ರು. ಆಕ್ಸೈಡ್ ಗಾಡಿ ಹೊರಟಿದೆ ಅಂತ ಪರ್ಚೇಸ್‌ನಿಂದ ಮೆಸೇಜ್ ಬಂದ್ಮೇಲೇ ಹಾಲಿಗೆ ಬೆಡ್ ಹಾಕ್ಸಿದ್ದು, ಯಾಕಂದ್ರೆ ಬೆಡ್ ಹಸಿ ಇರೋವಾಗ್ಲೇ ಟಾಪ್ ಕೋಟ್ ಕೂರ್ಬೇಕು. ಗಾಡಿ ಬಂದಿದ್ದು ಹತ್ತೂಕಾಲಿಗೆ. ಇಳಿಸಿ ನೋಡಿದ್ರೆ ನಾವು ಇಂಡೆಂಟ್ ಹಾಕಿದ ಬ್ರ್ಯಾಂಡೇ ಅಲ್ಲ.

ಮೇಸ್ತ್ರಿ ಏನೂ ಮಾತಾಡ್ಲಿಲ್ಲ. ಎರಡು ಖಾಲಿ ನೀರಿನ ಬಾಟ್ಲಿ ತಗೊಂಡ್ರು, ಒಂದಕ್ಕೆ ತಮ್ಮ ಚೀಲದಲ್ಲಿದ್ದ ಹಳೇ ಸೈಟಿನ ಆಕ್ಸೈಡ್ ಒಂದು ಚಮಚ, ಇನ್ನೊಂದಕ್ಕೆ ಈಗ ಬಂದಿದ್ದು ಒಂದು ಚಮಚ, ಎರಡನ್ನೂ ಚೆನ್ನಾಗಿ ಕುಲುಕಿ ಕಿಟಕಿ ಕಟ್ಟೆ ಮೇಲೆ ಇಟ್ರು. "ನೋಡ್ತಿರಿ ಸಾ" ಅಂದ್ರು.

ಅಷ್ಟೊತ್ತಿಗೆ ಪ್ರಾಜೆಕ್ಟ್ ಮ್ಯಾನೇಜರ್ ಫೋನು. ಎಲ್ಲಿಗೆ ಬಂತು, ಫೋಟೋ ಹಾಕಿ, ಮಧ್ಯಾಹ್ನ ಡೈರೆಕ್ಟರ್‌ಗೆ ಡಿಪಿಆರ್ (ದಿನದ ಕೆಲ್ಸದ ರಿಪೋರ್ಟ್) ಕಳ್ಸಬೇಕು ಅಂತ. ನಾನು ಬ್ರ್ಯಾಂಡ್ ಬೇರೆ ಅಂದೆ. "ಕೆಂಪು ತಾನೇ, ಹಾಕ್ಸಿ" ಅಂದ್ರು. ಒಂದು ಕಡೆ ಬೆಡ್ ಬಿಗಿಯಾಗ್ತಾ ಇದೆ, ಬೆರಳಲ್ಲಿ ಒತ್ತಿದ್ರೆ ಗುರುತು ಬೀಳೋದು ಕಮ್ಮಿ ಆಗ್ತಾ ಇದೆ, ಬಿಸಿಲು ಹಾಲಿನ ಅರ್ಧಕ್ಕೆ ಬಂದಿದೆ. ಶೇಡ್ ನೆಟ್ ಕಟ್ಟಿ ಮುಗಿಸಿಬಿಡೋಣ್ವಾ ಅಂತ ನಂಗೂ ಒಂದು ಗಳಿಗೆ ಅನ್ನಿಸ್ತು, ಸುಳ್ಳು ಹೇಳಲ್ಲ. ಹಾಕಿದ್ರೆ ಆವತ್ತು ಯಾರಿಗೂ ಗೊತ್ತಾಗ್ತಿರ್ಲಿಲ್ಲ, ಹ್ಯಾಂಡೋವರ್ ದಿನವೂ ಗೊತ್ತಾಗ್ತಿರ್ಲಿಲ್ಲ.

ಇಪ್ಪತ್ತು ನಿಮಿಷ ಆಗಿರ್ಬೋದು. ಹಳೇ ಆಕ್ಸೈಡಿನ ಬಾಟ್ಲೀಲಿ ಪುಡಿ ತಳ ಸೇರ್ತಾ ಮೇಲಿನ ನೀರು ತಿಳಿಯಾಗ್ತಾ ಬಂತು. ಹೊಸದ್ರಲ್ಲೂ ಪುಡಿ ತಳಕ್ಕೆ ಕೂತಿತ್ತು, ಆದ್ರೆ ನೀರು ಮಾತ್ರ ಗುಲಾಬಿ ಬಣ್ಣದಲ್ಲೇ ನಿಂತಿತ್ತು. ಐರನ್ ಆಕ್ಸೈಡ್ ನೀರಲ್ಲಿ ಕರಗಲ್ಲ, ಕರಗಿದ್ದು ಬೇರೆ ಯಾವ್ದೋ ಡೈ. "ಇದ ಹಾಕುದ್ರೆ ಆರ್ ತಿಂಗ್ಳಲ್ಲಿ ಬೆಳ್ಳಕಾಯ್ತದೆ ಸಾ, ನನ್ ಕೈಲಿ ಆಗಕಿಲ್ಲ" ಅಂದ್ರು ಮೇಸ್ತ್ರಿ, ಕರಣೆ ತೊಳೆಯೋಕೆ ಎದ್ದೇಬಿಟ್ರು.

ನಿಲ್ಸಿ ಅಂದೆ. ಬೆಡ್ ಪೂರ್ತಿ ಗಟ್ಟಿಯಾಗೋ ಮುಂಚೆ ಮೇಲ್ಮೈ ಎಲ್ಲಾ ವೈರ್ ಬ್ರಷ್ಷಲ್ಲಿ ಗೀರಿ ಒರಟು ಮಾಡ್ಸಿದ್ವಿ, ಮುಂದಿನ ಕೋಟ್ ಹಿಡೀಬೇಕಲ್ಲ. ಎಲ್ರಿಗೂ ಪೂರ್ತಿ ದಿನದ ಕೂಲಿ ಕೊಟ್ಟು ಕಳ್ಸಿದೆ. ಬಾಟ್ಲಿ ಫೋಟೋ ಗ್ರೂಪಿಗೆ ಹಾಕ್ದೆ, ಮ್ಯಾನೇಜರ್ ನೋಡಿದ್ರು, ಉತ್ತರ ಇಲ್ಲ. ಸಾಯಂಕಾಲ ಮೇಲ್ ಬಂತು, ಅನುಮತಿ ಇಲ್ದೆ ಕೆಲ್ಸ ನಿಲ್ಸಿದ್ದಕ್ಕೆ ಆ ದಿನದ ಲೇಬರ್ ಖರ್ಚು ನನ್ನ ಇನ್ಸೆಂಟಿವ್‌ನಲ್ಲಿ ಕಟ್ ಅಂತ. ಕಿಲೋ ಮೇಲೆ ನಾಲ್ಕು ಕಾಸು ಉಳಿಸೋಕೆ ಬೇರೆ ಬ್ರ್ಯಾಂಡ್ ತರ್ಸಿದ ಪರ್ಚೇಸ್‌ನವರಿಗೆ ಒಂದು ಮಾತೂ ಇಲ್ಲ.

ಸರಿಯಾದ ಆಕ್ಸೈಡ್ ಬಂದ್ಮೇಲೆ ಇಡೀ ಮನೆಗೆ ಬೇಕಾಗೋಷ್ಟನ್ನ ಸಿಮೆಂಟ್ ಜೊತೆ ಒಂದೇ ಸಲ ನೀರು ಹಾಕ್ದೆ ಒಣದಾಗೇ ಕಲ್ಸಿ ಜರಡಿ ಹಿಡ್ಸಿದ್ವಿ, ಇಲ್ದಿದ್ರೆ ರೂಮಿಗೊಂದು ಶೇಡ್ ಬರುತ್ತೆ. ಸ್ಲರಿ (ತೆಳ್ಳಗಿನ ಸಿಮೆಂಟ್ ನೀರು) ಬಿಟ್ಟು, ಗಾಜಿನ ಪಟ್ಟಿ ಕೂರ್ಸಿ, ಬಿಸಿಲೇರೋ ಮುಂಚೆ ಕೋಟ್ ಹಾಕಿ, ಮೇಸ್ತ್ರಿ ಮಂಡಿ ಊರಿ ಕರಣೇಲಿ ತಿಕ್ಕಿದ್ದೇ ತಿಕ್ಕಿದ್ದು. ಆಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸ್ಬೇಕು, ಕಮ್ಮಿ ಅಂದ್ರೂ 7 ದಿನ, ಆ ದಿನಗಳಲ್ಲಿ ಎಲೆಕ್ಟ್ರಿಷಿಯನ್ ಏಣಿ ತಗೊಂಡು ಒಳಗೆ ಬರೋ ಹಾಗಿಲ್ಲ. ನಮ್ಮ ಆಫೀಸಿಗೆ ಅರ್ಥ ಆಗದೇ ಇರೋದು ಇದೇನೇ. ಕ್ಯಾಟಲಾಗಲ್ಲಿ ಎಲೆ ಚಿತ್ರ ಹಾಕಿ ಮಾರ್ತಾರೆ, ಶೆಡ್ಯೂಲ್ ಮಾತ್ರ ಪ್ಲ್ಯಾಂಕ್ ಹಾಕೋರ ಲೆಕ್ಕದಲ್ಲೇ ಇರುತ್ತೆ.

ಮನೆ ಕಟ್ಟಿಸ್ತಾ ಇರೋರು ಇದನ್ನ ಓದ್ತಾ ಇದ್ರೆ, ಯಾವ ಮೆಟೀರಿಯಲ್ ಅಂತ ಕೇಳೋ ಜೊತೆಗೆ ನೆಲಕ್ಕೆ ಎಷ್ಟು ದಿನ ಇಟ್ಟಿದೀರ ಅಂತಾನೂ ನಿಮ್ಮ ಕಾಂಟ್ರ್ಯಾಕ್ಟರನ್ನ ಕೇಳಿ. ಅಂಟು ಹಾಕೋದಾದ್ರೆ ಅದರ ಡೇಟಾ ಶೀಟ್ ಕೇಳಿ. ಬ್ರ್ಯಾಂಡ್ ಬದಲಾದ್ರೆ ನಿಮ್ಮ ಸಹಿ ಇಲ್ದೆ ಚೀಲ ಬಿಚ್ಚೋ ಹಾಗಿಲ್ಲ ಅಂತ ಅಗ್ರಿಮೆಂಟಲ್ಲೇ ಬರ್ಸಿ.

ಈಗ ಶ್ರೀರಾಂಪುರದ್ದು ಇನ್ನೊಂದು ರೆಡ್ ಆಕ್ಸೈಡ್ ಸೈಟ್ ನನ್ನ ಕೈಗೆ ಬಂದಿದೆ. ಶೆಡ್ಯೂಲಲ್ಲಿ ನೆಲಕ್ಕೆ ಎರಡು ದಿನ ಅಂತ ಇತ್ತು. ಸಹಿ ಹಾಕ್ದೆ ವಾಪಸ್ ಕಳ್ಸಿದೀನಿ, ಜೊತೆಗೆ ಆ ಡೆಬಿಟ್ ವಿಚಾರವೂ ಮತ್ತೆ ಬರ್ದಿದೀನಿ.