ಮೂವತ್ತು ಡಾಲರ್ ಸಾಲದ ಹಾಡು

ಬೆಳಿಗ್ಗೆಯಿಂದ ನನ್ನ ಕಿವಿಯಲ್ಲಿ ಗಾಯಕ ಒಮರ್ ಅಪೋಲೊನ ಹಾಡೇ ಓಡ್ತಿದೆ. ಅಪ್ಪ ಅಮ್ಮ ಮೆಕ್ಸಿಕೋದವರು, ಹುಡುಗ ಬೆಳೆದದ್ದು ಅಮೆರಿಕದ ಇಂಡಿಯಾನಾದ ಹೋಬಾರ್ಟ್‌ನಲ್ಲಿ, ಗಿಟಾರ್ ಕಲಿತದ್ದು ಯೂಟ್ಯೂಬ್ ನೋಡಿ. 2017ರಲ್ಲಿ ಗೆಳೆಯನ ಹತ್ತಿರ 30 ಡಾಲರ್ ಸಾಲ ತಗೊಂಡು ಒಂದು ಹಾಡನ್ನ ಸ್ಪಾಟಿಫೈಗೆ ಏರಿಸಿದ. 2023ರ ಗ್ರ್ಯಾಮಿಯಲ್ಲಿ ಹೊಸ ಕಲಾವಿದರ ನಾಮನಿರ್ದೇಶನ ಪಟ್ಟಿಯಲ್ಲಿದ್ದ.

ಹಾಡು ಏರಿಸಿದರೆ ಕೆಲಸ ಮುಗೀತು ಅಂದುಕೊಳ್ಳೋರೇ ಜಾಸ್ತಿ. ಡಿಸ್ಟ್ರಿಬ್ಯೂಟರ್, ಅಂದ್ರೆ ಹಾಡನ್ನ ಸ್ಪಾಟಿಫೈಯಂಥ ಕಡೆಗೆ ತಲುಪಿಸೋ ಕಂಪನಿ, ತಂದುಕೊಡೋದು ರೆಕಾರ್ಡಿಂಗಿನ ದುಡ್ಡು ಮಾತ್ರ. ಹಾಡು ಬರೆದವರ ಪಾಲು ಬೇರೆ ದಾರಿಯಲ್ಲಿ ಬರುತ್ತೆ: ಅಮೆರಿಕದಲ್ಲಿ ಪ್ರದರ್ಶನದ ರಾಯಲ್ಟಿಗೆ (ಹಾಡು ಸಾರ್ವಜನಿಕವಾಗಿ ಕೇಳಿಸಿದಾಗ ಬರೋ ಪಾಲು) ಆಸ್ಕ್ಯಾಪ್ ಅಥವಾ ಬಿಎಂಐ, ಸ್ಟ್ರೀಮಿಂಗಿನ ಮೆಕ್ಯಾನಿಕಲ್ ರಾಯಲ್ಟಿಗೆ (ಹಾಡಿನ ಪ್ರತಿ ಮಾಡಿದ್ದಕ್ಕೆ ಬರೋ ಪಾಲು) 2021ರಿಂದ ಎಂಎಲ್‌ಸಿ; ಮೂರೂ ಈ ದುಡ್ಡು ವಸೂಲಿ ಮಾಡಿ ಹಂಚೋ ಸಂಸ್ಥೆಗಳು. ಅಲ್ಲಿ ನೋಂದಾಯಿಸದಿದ್ದರೆ ದುಡ್ಡು ಅಲ್ಲೇ ಕೊಳೆಯುತ್ತೆ. ಸ್ಪಾಟಿಫೈ ಸಂಪಾದಕರ ಪ್ಲೇಲಿಸ್ಟಿಗೆ ಹಾಡು ಕಳಿಸೋದು ಬಿಡುಗಡೆಗೆ ಮೊದಲೇ, ಕನಿಷ್ಠ 7 ದಿನ ಮುಂಚೆ ಆದರೆ ಒಳ್ಳೇದು. ಬಿಡುಗಡೆಯಾದ ಮೇಲೆ ಆಗಲ್ಲ. 2024ರಿಂದ ಇನ್ನೊಂದು ಬರೆ: 12 ತಿಂಗಳಲ್ಲಿ 1000 ಸ್ಟ್ರೀಮ್ ಆಗದ ಹಾಡಿಗೆ ಅಲ್ಲಿ ಬಿಡಿಗಾಸೂ ಇಲ್ಲ. (ಹೊಸಬರ ಹೊಟ್ಟೆಗೇ ಹೊಡೆತ.)

ಅಪೋಲೊನಂಥ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದ) ಗೇ ಗಾಯಕ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದಿದ್ದರೆ, ಇದರ ಜೊತೆ ಚರ್ಚಿನ ಲೆಕ್ಕವೂ ಇರುತ್ತೆ. ಕ್ಯಾಥೊಲಿಕ್ ಚರ್ಚಿನ ಅಧಿಕೃತ ಧರ್ಮೋಪದೇಶ ಗ್ರಂಥದ 2357ನೇ ಕಂಡಿಕೆ ಸಲಿಂಗ ಲೈಂಗಿಕ ಸಂಬಂಧ ಒಪ್ಪತಕ್ಕದ್ದಲ್ಲ ಅನ್ನುತ್ತೆ. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್, ಸಲಿಂಗ ಜೋಡಿಗೆ ಪಾದ್ರಿ ಆಶೀರ್ವಾದ ಕೊಡಬಹುದು ಅಂತು. ಆದರೆ ವಿಧಿಪೂರ್ವಕವಾಗಿ ಅಲ್ಲ, ಮದುವೆ ಥರ ಕಾಣಲೂಬಾರದು. ಆ ಕಂಡಿಕೆ ಹಾಗೇ ಉಳೀತು. ಅರ್ಧ ಬಾಗಿಲು ತೆಗೆದು ಚಿಲಕ ಕೈಯಲ್ಲೇ ಹಿಡಿದುಕೊಂಡ ಹಾಗೆ ಕಾಣುತ್ತೆ ನನಗೆ.

ಅಪೋಲೊನ 2022ರ ಆಲ್ಬಮ್‌ನಲ್ಲಿ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಹಾಡುಗಳ ನಡುವೆ ಮೆಕ್ಸಿಕೋದ ಕೊರಿಡೊ (ಕಥೆ ಹೇಳೋ ಜನಪದ ಹಾಡು) ಶೈಲಿಯ ಸ್ಪ್ಯಾನಿಷ್ ಹಾಡೂ ಒಂದಿದೆ. ಮೊದಲು ಅದನ್ನೇ ಕೇಳಿ.