ಕಾಯಿಲೆ ಎಲ್ಲರಿಗೂ ಒಂದೇ ಅಲ್ವಾ, ಬೇರೆ ಪಾಠ ಯಾಕೆ?

ಊರಿಂದ ಫೋನ್ ಮಾಡುವ ಡಾಕ್ಟರ್ ಗೆಳೆಯರು, ಸಿಡ್ನಿಯಲ್ಲಿರುವ ಕನ್ನಡದವರು, ಇಲ್ಲಿಗೆ ಬರಬೇಕೆಂದು ಪರೀಕ್ಷೆಗೆ ಓದುತ್ತಿರುವ ಜೂನಿಯರ್‌ಗಳು, ಎಲ್ಲರೂ ಒಂದಲ್ಲ ಒಂದು ಸಲ ಇದನ್ನು ಕೇಳಿದ್ದಾರೆ. "ಅಲ್ಲಾ ಮೇಡಂ, ಬಿಪಿ ಯಾರಿಗೆ ಬಂದರೂ ಬಿಪಿನೇ, ಶುಗರ್ ಯಾರಿಗೆ ಬಂದರೂ ಶುಗರೇ. ಆಸ್ಟ್ರೇಲಿಯಾದ ಮೆಡಿಕಲ್ ಕಾಲೇಜುಗಳಲ್ಲಿ ಅಬೊರಿಜಿನಲ್ ಹೆಲ್ತ್, ಅಂದರೆ ಆ ನೆಲದ ಮೂಲನಿವಾಸಿಗಳ ಆರೋಗ್ಯ, ಅಂತ ಬೇರೆ ಪಾಠ ಯಾಕೆ ಇಟ್ಟಿದ್ದಾರೆ? ರೋಗಿಗಳೆಲ್ಲ ಒಂದೇ ಅಂತ ತಾನೇ ನಮಗೆ ಕಲಿಸಿದ್ದು?"

ನಾನು ನ್ಯೂ ಸೌತ್ ವೇಲ್ಸ್‌ನ ಒಳನಾಡಿನ ಒಂದು ಊರಲ್ಲಿ ಜಿಪಿ, ಅಂದರೆ ನಮ್ಮ ಕಡೆ ಹೇಳುವ ಫ್ಯಾಮಿಲಿ ಡಾಕ್ಟರ್. ಮೆಡಿಕಲ್ ವಿದ್ಯಾರ್ಥಿಗಳು ನಮ್ಮ ಕ್ಲಿನಿಕ್ಕಿಗೆ ಪೋಸ್ಟಿಂಗ್ ಮೇಲೆ ಬರುತ್ತಾರೆ. ಅವರಿಗೆ ಕಲಿಸುವುದೂ ನನ್ನ ಕೆಲಸ. ಹಾಗಾಗಿ ಈ ಪ್ರಶ್ನೆಗೆ ಒಂದು ಸಲ ಕೂತು ಪೂರ್ತಿಯಾಗಿ ಉತ್ತರ ಬರೆಯೋಣ ಅನ್ನಿಸಿತು.

ಮೊದಲು ಲೆಕ್ಕ ನೋಡಿ. 2020ರಿಂದ 2022ರವರೆಗಿನ ಸರ್ಕಾರಿ ಅಂದಾಜಿನ ಪ್ರಕಾರ ಅಬೊರಿಜಿನಲ್ ಮತ್ತು ಟಾರೆಸ್ ಜಲಸಂಧಿ ದ್ವೀಪಗಳ ಗಂಡಸರ ಸರಾಸರಿ ಆಯಸ್ಸು 71.9 ವರ್ಷ, ಹೆಂಗಸರದ್ದು 75.6. ಉಳಿದ ಆಸ್ಟ್ರೇಲಿಯನ್ನರಿಗೆ ಹೋಲಿಸಿದರೆ ಗಂಡಸರಿಗೆ 8.8 ವರ್ಷ ಕಡಿಮೆ, ಹೆಂಗಸರಿಗೆ 8.1 ವರ್ಷ ಕಡಿಮೆ. ದೇಶ ಒಂದೇ, ಸರ್ಕಾರಿ ಆರೋಗ್ಯ ವಿಮೆಯ ಮೆಡಿಕೇರ್ ಕಾರ್ಡು ಒಂದೇ, ಔಷಧಿ ಒಂದೇ. ಆದರೂ ಮೊಮ್ಮಕ್ಕಳ ಮದುವೆ ನೋಡುವ ಹೊತ್ತಿಗೆ ಅಜ್ಜ ಇರುವುದಿಲ್ಲ. ಎಲ್ಲರನ್ನೂ ಒಂದೇ ಥರ ನೋಡಿದರೆ ಸಾಕು ಅನ್ನುವವರು ಈ ಎಂಟು ವರ್ಷಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

ನನ್ನ ಉತ್ತರ ಇದು. ಆ ಪಾಠ ಹೆಚ್ಚಾಗಿ ನಮ್ಮ ಬಗ್ಗೆಯೇ ಇದೆ. ಆಸ್ಪತ್ರೆ ಇಲ್ಲಿ ಏನು ಮಾಡಿದೆ, ಈಗ ಏನು ಮಾಡುತ್ತಿದೆ, ಎದುರಿಗೆ ಕೂತ ಮನುಷ್ಯನಿಗೆ ಬಿಳಿ ಕೋಟು ಹೇಗೆ ಕಾಣುತ್ತದೆ, ಇದನ್ನೆಲ್ಲ ತಿಳಿಯದೆ ಇಲ್ಲಿ ಡಾಕ್ಟರಿಕೆ ಮಾಡಲು ಆಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಪಶ್ಚಿಮ ಆಸ್ಟ್ರೇಲಿಯಾದ ಕರಾವಳಿಯಲ್ಲಿ ಕಾರ್ನಾರ್ವನ್ ಅನ್ನುವ ಊರಿದೆ. ಅದರ ಎದುರು ಸಮುದ್ರದಲ್ಲಿ ಬರ್ನಿಯರ್, ಡೋರ್ ಅಂತ ಎರಡು ಬರಡು ದ್ವೀಪಗಳು. 1908ರಿಂದ 1919ರವರೆಗೆ ಅಲ್ಲಿ ಸರ್ಕಾರ 'ಲಾಕ್ ಹಾಸ್ಪಿಟಲ್' ನಡೆಸಿತು. ಗುಹ್ಯರೋಗ ಇದೆ ಅನ್ನುವ ಅನುಮಾನದ ಮೇಲೆ ಅಬೊರಿಜಿನಲ್ ಗಂಡಸರನ್ನು, ಹೆಂಗಸರನ್ನು ಹಿಡಿದು ಅಲ್ಲಿಗೆ ಸಾಗಿಸಿದರು. ಯಾರಿಗೆ ರೋಗ ಇದೆ ಅಂತ ಎಷ್ಟೋ ಕಡೆ ತೀರ್ಮಾನ ಮಾಡಿದವರು ಡಾಕ್ಟರ್ ಅಲ್ಲ, ಪೊಲೀಸ್. ಕತ್ತಿಗೆ ಸರಪಳಿ ಹಾಕಿ ನೂರಾರು ಮೈಲಿ ನಡೆಸಿಕೊಂಡು ಬಂದದ್ದೂ ಉಂಟು. ಎಷ್ಟೋ ಜನ ಅಲ್ಲೇ ಸತ್ತರು, ಮನೆಯವರಿಗೆ ಸುದ್ದಿಯೂ ಮುಟ್ಟಲಿಲ್ಲ. ಇದಕ್ಕೂ ಆಸ್ಪತ್ರೆ ಅಂತಲೇ ಹೆಸರು.

ಇನ್ನು ಮಕ್ಕಳ ವಿಷಯ. 1910ರ ಆಸುಪಾಸಿನಿಂದ 1970ರವರೆಗೆ ಅಬೊರಿಜಿನಲ್ ಮಕ್ಕಳನ್ನು ತಂದೆತಾಯಿಯ ಕೈಯಿಂದ ಕಿತ್ತು ಮಿಷನ್‌ಗಳಿಗೆ, ಬಿಳಿಯರ ಮನೆಗಳಿಗೆ ಸೇರಿಸಿದರು. ಹೆರಿಗೆ ವಾರ್ಡಿನಿಂದಲೇ ಕೂಸನ್ನು ಎತ್ತಿಕೊಂಡು ಹೋದ ಸಂಗತಿಗಳು 1997ರ ಸರ್ಕಾರಿ ವಿಚಾರಣಾ ವರದಿಯಲ್ಲಿ ದಾಖಲಾಗಿವೆ. 2008ರ ಫೆಬ್ರವರಿ 13ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. 1970 ಅಂದರೆ ಬಹಳ ಹಿಂದಿನ ಮಾತಲ್ಲ. ಆಗ ಮಕ್ಕಳಾಗಿದ್ದವರು ಈಗ ನನ್ನ ಕ್ಲಿನಿಕ್ಕಿನಲ್ಲಿ ಶುಗರ್ ಚೆಕ್ ಮಾಡಿಸಿಕೊಳ್ಳಲು ಬರುವ ಅಜ್ಜಿಯರು. ಅವರು ಮೊಮ್ಮಗಳನ್ನು ಹೆರಿಗೆಗೆ ಸೇರಿಸಲು ಹಿಂದೆಮುಂದೆ ನೋಡಿದರೆ ಕೇಸ್ ಶೀಟಿನಲ್ಲಿ 'ಸಹಕಾರ ಇಲ್ಲ' ಅಂತ ಬರೆಯುವುದು ಸುಲಭ. ಅವರ ಭಯಕ್ಕೆ ಕಾರಣ ಏನು ಅಂತ ತಿಳಿದುಕೊಳ್ಳುವುದು ಕಷ್ಟದ ಕೆಲಸ. ಅದನ್ನು ಕಲಿಸಬೇಕು.

ಇಲ್ಲಿ ನಮ್ಮವರು ಒಂದು ಮಾತು ಹೇಳುತ್ತಾರೆ. "ನಾವೂ ಬ್ರಿಟಿಷರ ಕೈಕೆಳಗೆ ಇದ್ದವರೇ. ನಮಗೆ ಅವರ ನೋವು ಬೇಗ ಅರ್ಥ ಆಗುತ್ತೆ." ಒಳ್ಳೆಯ ಮನಸ್ಸಿಂದಲೇ ಹೇಳುತ್ತಾರೆ, ಆದರೂ ನಾನು ಒಪ್ಪುವುದಿಲ್ಲ. ನಮ್ಮಲ್ಲಿಂದ ಬ್ರಿಟಿಷರು 1947ರಲ್ಲಿ ಹೊರಟರು. ಇಲ್ಲಿಗೆ ಬಂದವರು ಹೊರಡಲೇ ಇಲ್ಲ. ವೀಸಾ ತಗೊಂಡು ಬಂದ ನಾವೂ ಆಮೇಲೆ ಬಂದು ಸೇರಿಕೊಂಡವರೇ. ಅಬೊರಿಜಿನಲ್ ರೋಗಿಯ ಕಣ್ಣಿಗೆ ನಾನು ಆಸ್ಪತ್ರೆಯವಳು. ಚರ್ಮದ ಬಣ್ಣ ನೋಡಿ ಅವರು ನನ್ನನ್ನು ನಂಬಬೇಕಾಗಿಲ್ಲ.

"ಅದೆಲ್ಲ ಹಳೇ ಕಥೆ" ಅನ್ನುವವರಿಗೆ ಟ್ಯೂಮಟ್‌ನ ಪ್ರಕರಣ ಹೇಳುತ್ತೇನೆ. ನ್ಯೂ ಸೌತ್ ವೇಲ್ಸ್‌ನ ಸಣ್ಣ ಊರು ಅದು. 2016ರ ಜನವರಿ 1ರಂದು, ನಡುರಾತ್ರಿ ದಾಟಿದ ಮೇಲೆ, ವಿರಾಜುರಿ ಅನ್ನುವ ಅಬೊರಿಜಿನಲ್ ಸಮುದಾಯದ 27 ವರ್ಷದ ಹೆಣ್ಣುಮಗಳೊಬ್ಬಳು ಅಲ್ಲಿನ ಆಸ್ಪತ್ರೆಗೆ ಬಂದಳು. ಆರು ತಿಂಗಳ ಬಸುರಿ. ಅವಳಿಗೆ ಪ್ಯಾರಾಸಿಟಮಾಲ್ ಕೊಟ್ಟು ಮನೆಗೆ ಕಳಿಸಿದರು. ಅದೇ ದಿನ ಅವಳು ತೀರಿಕೊಂಡಳು, ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ. ಸೋಂಕು ರಕ್ತಕ್ಕೆ ಸೇರಿ ಸೆಪ್ಸಿಸ್ ಆಗಿತ್ತು. ಅದಕ್ಕೂ ಮೊದಲಿನ ತಿಂಗಳುಗಳಲ್ಲಿ ಹೊಟ್ಟೆನೋವು, ವಾಂತಿ ಅಂತ ಅವಳು ಮತ್ತೆ ಮತ್ತೆ ಆಸ್ಪತ್ರೆಗೆ ಬಂದಿದ್ದಳು. ಹೊಟ್ಟೆಯ ತಜ್ಞರ ಹತ್ತಿರ ಕಳಿಸುವ ಬದಲು ಮಾದಕ ವಸ್ತು ಬಿಡಿಸುವ ವಿಭಾಗದ ಕಡೆ ತೋರಿಸಿದ್ದರು. 2019ರಲ್ಲಿ ಕೊರೋನರ್, ಅಂದರೆ ಅನಿರೀಕ್ಷಿತ ಸಾವುಗಳ ವಿಚಾರಣೆ ಮಾಡುವ ಅಧಿಕಾರಿ, ಕೊಟ್ಟ ತೀರ್ಪು ಸಾರ್ವಜನಿಕವಾಗಿದೆ. ಸಿಬ್ಬಂದಿಗೇ ಅರಿವಿಲ್ಲದ ಪೂರ್ವಗ್ರಹದ ಪ್ರಶ್ನೆಯನ್ನು ಅದರಲ್ಲಿ ನೇರವಾಗಿ ಎತ್ತಿದ್ದಾರೆ. ನಾನು ಆ ತೀರ್ಪನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು ಓದಿಸುತ್ತೇನೆ. ಸೆಪ್ಸಿಸ್ ಲಕ್ಷಣ ಏನು ಅಂತ ಅವರಿಗೆಲ್ಲ ಬಾಯಿಪಾಠ ಬರುತ್ತದೆ. ನಾಡಿ, ಉಷ್ಣಾಂಶ, ಬಿಪಿ ನೋಡುವ ಮೊದಲೇ ರೋಗಿಯ ಬಗ್ಗೆ ತೀರ್ಮಾನ ಮಾಡಿಬಿಟ್ಟರೆ ಆ ಬಾಯಿಪಾಠ ಕೆಲಸಕ್ಕೆ ಬರುವುದಿಲ್ಲ ಅನ್ನುವುದು ಆಗ ಅವರಿಗೆ ತಟ್ಟುತ್ತದೆ.

ಈಗ ತರಗತಿಯ ಒಳಗೆ ಬನ್ನಿ. ಈ ಪಾಠವನ್ನು ನಾನು ಒಬ್ಬಳೇ ಮಾಡುವುದಿಲ್ಲ, ಮಾಡಲೂಬಾರದು. ನಮ್ಮಲ್ಲಿ ಮುಖ್ಯವಾಗಿ ಕಲಿಸುವವರು ಒಬ್ಬ ವಿರಾಜುರಿ ಹಿರಿಯಾಕೆ. ಎಲ್ಲರೂ ಅವರನ್ನು ಆಂಟಿ ಅನ್ನುತ್ತಾರೆ. ನಮ್ಮ ಹಾಗೇ ಅವರಲ್ಲೂ ಹಿರಿಯರನ್ನು ಬರೀ ಹೆಸರು ಹಿಡಿದು ಕರೆಯುವುದಿಲ್ಲ. ಅವರು ರೋಗಿಯಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಒಬ್ಬ ಹುಡುಗ ಡಾಕ್ಟರಾಗಿ ಪ್ರಶ್ನೆ ಶುರು ಮಾಡುತ್ತಾನೆ.

"ಮಾತ್ರೆ ದಿನಾ ತಗೋತಿದೀರಾ?"

"ಹೂಂ."

"ಎದೆನೋವು ಏನೂ ಇಲ್ಲ ತಾನೇ?"

"ಹೂಂ."

"ನಾನು ಹೇಳಿದ್ದೆಲ್ಲ ಅರ್ಥ ಆಯ್ತಾ?"

"ಹೂಂ."

ಹುಡುಗ ಎಲ್ಲಾ ಟೈಪ್ ಮಾಡಿಕೊಂಡು ಸಮಾಧಾನದಿಂದ ತಲೆ ಎತ್ತುತ್ತಾನೆ. ಆಂಟಿ ಹೇಳುತ್ತಾರೆ, "ನೀನು ಕಂಪ್ಯೂಟರ್ ನೋಡ್ಕೊಂಡೇ ಕೇಳ್ತಿದ್ದೆ. ಬೇಗ ಮುಗಿದು ಮನೆಗೆ ಹೋದ್ರೆ ಸಾಕು ಅಂತ ಹೂಂ ಅಂದೆ. ಮಾತ್ರೆ ಮುಗಿದು ತಿಂಗಳಾಯ್ತು."

ಎರಡನೇ ಸಲ ಅವನು ಕುರ್ಚಿ ತಿರುಗಿಸಿ ಕೂರುತ್ತಾನೆ. ತನ್ನ ಹೆಸರು, ಊರು, ಅಪ್ಪ ಅಮ್ಮ ಎಲ್ಲಿಯವರು ಅಂತ ಹೇಳುತ್ತಾನೆ. ಆಂಟಿಯದ್ದು ಯಾವ ಊರು, ಮನೆಯವರು ಯಾರು ಅಂತ ಕೇಳುತ್ತಾನೆ. ಯಾವೂರಪ್ಪ, ಯಾರ ಮಗ ಅಂತ ಕೇಳದೆ ಮಾತೇ ಮುಂದುವರಿಸದ ನಮ್ಮ ಹಳ್ಳಿಯ ಹಿರಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕೇಳಿ ಸುಮ್ಮನಿರುತ್ತಾನೆ. ಆ ಮೌನ ಅವನಿಗೆ ಕಷ್ಟ, ನಡುವೆ ಬಾಯಿ ಹಾಕಬೇಡ ಅಂತ ನಾನು ಸನ್ನೆ ಮಾಡುತ್ತೇನೆ. ಆಂಟಿ ಮೊಮ್ಮಗನ ಸುದ್ದಿ ತೆಗೆಯುತ್ತಾರೆ, ಫುಟ್‌ಬಾಲ್ ಪಂದ್ಯದ ಮಾತು ಬರುತ್ತದೆ, ಮೈದಾನದ ಏರು ಹತ್ತುವಾಗ ಎದೆ ಬಿಗಿದ ಮಾತು ಅದರ ಜೊತೆಗೇ ಬರುತ್ತದೆ. ಬೇಕಾಗಿದ್ದದ್ದು ಅದೇ. ಇಲ್ಲಿ ಇದಕ್ಕೆ 'ಯಾರ್ನಿಂಗ್' ಅನ್ನುತ್ತಾರೆ.

ಇದು ಬರೀ ತರಗತಿಯ ಆಟವಲ್ಲ. 2002ರಲ್ಲಿ ಡಾರ್ವಿನ್‌ನಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುವ ಯೋಲ್ಂಗು ಅನ್ನುವ ಅಬೊರಿಜಿನಲ್ ಸಮುದಾಯದ ರೋಗಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟವಾಯಿತು. ರೋಗಿಗಳೂ ಸಿಬ್ಬಂದಿಯೂ ಮಾತಾಡುವುದನ್ನು ವಿಡಿಯೋ ಮಾಡಿ ಆಮೇಲೆ ಇಬ್ಬರನ್ನೂ ಕೂರಿಸಿ ವಿಚಾರಿಸಿದರು. ಮುಖ್ಯ ವಿಷಯಗಳೇ ದಾಟಿರಲಿಲ್ಲ. ದಾಟಿಲ್ಲ ಅನ್ನುವುದು ಎಷ್ಟೋ ಸಲ ಇಬ್ಬರಿಗೂ ಗೊತ್ತಿರಲಿಲ್ಲ. ದುಭಾಷಿಗಳನ್ನು ಕರೆಸುವ ರೂಢಿಯೇ ಕಡಿಮೆ ಇತ್ತು.

ನಮ್ಮ ಡಾಕ್ಟರುಗಳಿಗೆ ಬೇಗ ಅರ್ಥವಾಗುವ ವಿಷಯ ಅಂದರೆ ರುಮ್ಯಾಟಿಕ್ ಹೃದಯ ಕಾಯಿಲೆ. ಗಂಟಲು ನೋವು, ಕೀಲು ನೋವು, ಆಮೇಲೆ ಕವಾಟ ಹಾಳಾಗುವುದು, ಕರ್ನಾಟಕದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರೂ ಇದನ್ನು ನೋಡಿರುತ್ತಾರೆ. ಅದು ಮರುಕಳಿಸದಂತೆ ಕೊಡುವ, ನಾವು ಪೆನಿಡ್ಯೂರ್ ಅನ್ನುವ ಪೆನಿಸಿಲಿನ್ ಇಂಜೆಕ್ಷನ್ ಇಲ್ಲಿ ಬೈಸಿಲಿನ್. ಸಿಡ್ನಿಯ ಬಿಳಿಯ ಮಕ್ಕಳಲ್ಲಿ ಈ ಕಾಯಿಲೆ ಕಾಣುವುದೇ ಅಪರೂಪ. ನಾರ್ದರ್ನ್ ಟೆರಿಟರಿಯಲ್ಲಿ ಇದು ಬರುವುದು ಬಹುತೇಕ ಅಬೊರಿಜಿನಲ್ ಮಕ್ಕಳಿಗೇ.

ಇಪ್ಪತ್ತೆಂಟು ದಿನಕ್ಕೊಮ್ಮೆ ಚುಚ್ಚಬೇಕು, ವರ್ಷಗಟ್ಟಲೆ. ಔಷಧಿ ಗಟ್ಟಿ, ನೋವು ಜಾಸ್ತಿ. ಸಿರಿಂಜನ್ನು ಫ್ರಿಜ್ಜಿನಿಂದ ತೆಗೆದು ತಣ್ಣಗಿರುವಾಗಲೇ ಚುಚ್ಚಬಾರದು, ಅಂಗೈಯಲ್ಲಿ ಹೊರಳಿಸಿ ಬೆಚ್ಚಗಾಗಲು ಬಿಡಬೇಕು. ಚುಚ್ಚುವ ಜಾಗವನ್ನು ಹೆಬ್ಬೆರಳಿನಿಂದ ಹತ್ತು ಸೆಕೆಂಡ್ ಒತ್ತಬೇಕು. ಔಷಧಿಯನ್ನು ಎರಡು ಮೂರು ನಿಮಿಷ ತೆಗೆದುಕೊಂಡು ನಿಧಾನಕ್ಕೆ ಬಿಡಬೇಕು. ಹನ್ನೊಂದು ವರ್ಷದ ಹುಡುಗಿ ಮುಂದಿನ ತಿಂಗಳು ಮತ್ತೆ ಬರುತ್ತಾಳೋ ಇಲ್ಲವೋ ಅನ್ನುವುದು ಈ ಎರಡು ಮೂರು ನಿಮಿಷದ ಮೇಲೆ ನಿಂತಿದೆ. ಮಧ್ಯ ಆಸ್ಟ್ರೇಲಿಯಾದ ಕಡೆ ಹುಣ್ಣಿಮೆಗೊಂದು ಇಂಜೆಕ್ಷನ್ ಅಂತ ಇಟ್ಟು ನೋಡಿದ್ದೂ ಇದೆ. ಕ್ಯಾಲೆಂಡರ್ ಇಲ್ಲದ ಮನೆಯಲ್ಲೂ ಹುಣ್ಣಿಮೆ ಗೊತ್ತಾಗುತ್ತದಲ್ಲ.

ಆದರೆ ಇಂಜೆಕ್ಷನ್ ಹತ್ತಿರ ಪಾಠ ನಿಲ್ಲುವುದಿಲ್ಲ. ಈ ಕಾಯಿಲೆಗೆ ಕಾರಣವಾದ ಸ್ಟ್ರೆಪ್ ರೋಗಾಣು ಹರಡುವುದು ಕಿಕ್ಕಿರಿದ ಮನೆಗಳಲ್ಲಿ. ಸ್ನಾನಕ್ಕೆ, ಬಟ್ಟೆ ಒಗೆಯಲು ನೀರು ಸರಿಯಾಗಿ ಬರದ ಕಡೆ ಚರ್ಮದ ಹುಣ್ಣುಗಳೂ ಜಾಸ್ತಿ. "ಮನೆ ಕಟ್ಟಿಕೊಟ್ಟರೆ ಅವರೇ ಹಾಳು ಮಾಡುತ್ತಾರೆ" ಅನ್ನುವ ಮಾತು ನಮ್ಮವರ ಬಾಯಲ್ಲೂ ಕೇಳಿದ್ದೇನೆ. ದಕ್ಷಿಣ ಆಸ್ಟ್ರೇಲಿಯಾದ ಎಪಿವೈ ಅನ್ನುವ ಅಬೊರಿಜಿನಲ್ ಪ್ರದೇಶದಲ್ಲಿ 1980ರ ದಶಕದಲ್ಲಿ ಶುರುವಾದ, ಮನೆಗಳನ್ನು ಸರಿಪಡಿಸುವ ಒಂದು ಕೆಲಸ ಇದಕ್ಕೆ ಉತ್ತರ ಕೊಟ್ಟಿದೆ. ಅದೇ ತಂಡದವರು ಮುಂದೆ ದೇಶದ ಸಾವಿರಾರು ಮನೆಗಳ ನಲ್ಲಿ, ಚರಂಡಿ, ವೈರಿಂಗ್ ಎಲ್ಲ ಪರೀಕ್ಷಿಸಿ ರಿಪೇರಿ ಮಾಡಿಸಿದರು. ಕೆಟ್ಟಿದ್ದರಲ್ಲಿ ಮನೆಯವರ ಕೈಯಿಂದ ಹಾಳಾದದ್ದು ಹತ್ತರಲ್ಲಿ ಒಂದರ ಆಸುಪಾಸು ಅಷ್ಟೇ. ಉಳಿದದ್ದಕ್ಕೆ ಕಾರಣ ಕಳಪೆ ಕಾಮಗಾರಿ, ಅದಕ್ಕಿಂತ ಹೆಚ್ಚಾಗಿ ಯಾರೂ ಬಂದು ರಿಪೇರಿ ಮಾಡದೇ ಇದ್ದದ್ದು. ಮುಂದೆ ಹೃದ್ರೋಗ ತಜ್ಞರಾಗುವ ಹುಡುಗರು ಪ್ಲಂಬಿಂಗ್ ಬಗ್ಗೆ ಓದುವುದು ನನಗೆ ತುಂಬಾ ಸರಿ ಅನ್ನಿಸುತ್ತದೆ.

ಈ ಪಾಠ ತಾನಾಗಿ ಬಂದದ್ದಲ್ಲ. ಸಿಡ್ನಿಯ ರೆಡ್‌ಫರ್ನ್‌ನಲ್ಲಿ 1971ರಲ್ಲಿ ಅಬೊರಿಜಿನಲ್ ಜನರೇ ತಮ್ಮ ಮೆಡಿಕಲ್ ಸರ್ವಿಸ್ ಶುರು ಮಾಡಿದರು. ಇವತ್ತು ಅಂಥ 140ಕ್ಕೂ ಹೆಚ್ಚು ಸಂಸ್ಥೆಗಳಿವೆ, ಆಡಳಿತ ಅವರದ್ದೇ. ಅವರ ಒತ್ತಾಯದ ಫಲವಾಗಿ 2004ರಲ್ಲಿ ಮೆಡಿಕಲ್ ಕಾಲೇಜುಗಳ ಡೀನ್‌ಗಳ ಸಮಿತಿ ಪಠ್ಯದ ಚೌಕಟ್ಟು ಒಪ್ಪಿತು. ಆಮೇಲೆ ಕಾಲೇಜಿಗೆ ಮಾನ್ಯತೆ ಸಿಗಬೇಕಾದರೆ ಈ ಪಾಠ ಇರಲೇಬೇಕು ಅಂತಾಯಿತು. 'ಕಲ್ಚರಲ್ ಸೇಫ್ಟಿ' ಅನ್ನುವ ವಿಚಾರ ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿ ನರ್ಸ್ ಇರಿಹಪೆಟಿ ರಾಮ್ಸ್‌ಡೆನ್ ಅವರಿಂದ ಬಂದದ್ದು. ಅದರ ಪ್ರಕಾರ ಚಿಕಿತ್ಸೆ ಮರ್ಯಾದೆಯಿಂದ, ಭಯವಿಲ್ಲದೆ ಸಿಕ್ಕಿತೋ ಇಲ್ಲವೋ ಅಂತ ಹೇಳಬೇಕಾದವರು ರೋಗಿ, ಡಾಕ್ಟರಲ್ಲ. 2022ರ ತಿದ್ದುಪಡಿಯಿಂದ ಇದು ಇಲ್ಲಿನ ವೈದ್ಯರ ನೋಂದಣಿ ಕಾನೂನಿನ ಮಾರ್ಗಸೂತ್ರಗಳಲ್ಲೂ ಸೇರಿದೆ.

ಇದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ ಸೀಟಿನದ್ದು. "ಅಬೊರಿಜಿನಲ್ ವಿದ್ಯಾರ್ಥಿಗಳಿಗೆ ಬೇರೆ ದಾರಿಯಲ್ಲಿ ಪ್ರವೇಶ ಅಂತೆ, ಮೆರಿಟ್ ಕಥೆ ಏನು?" ಮೆಲ್ಬರ್ನ್‌ನಲ್ಲಿ ಮೆಡಿಕಲ್ ಸ್ಕೂಲ್ ಶುರುವಾದದ್ದು 1862ರಲ್ಲಿ. ದೇಶದ ಮೊದಲ ಅಬೊರಿಜಿನಲ್ ಡಾಕ್ಟರ್ ಹೆಲೆನ್ ಮಿಲ್ರಾಯ್ ಪದವಿ ಪಡೆದದ್ದು 1983ರಲ್ಲಿ. ನಡುವಿನ 121 ವರ್ಷದಲ್ಲಿ ಆ ಜನರಲ್ಲಿ ಒಬ್ಬರಿಗೂ ಬುದ್ಧಿ ಇರಲಿಲ್ಲ ಅಂತ ಯಾರಾದರೂ ನಂಬುತ್ತಾರಾ? ನ್ಯೂಕಾಸಲ್ ವಿಶ್ವವಿದ್ಯಾಲಯ 1980ರ ದಶಕದ ಮಧ್ಯದಲ್ಲೇ ಬಾಗಿಲು ತೆರೆಯಿತು, ಅಲ್ಲಿಂದ ಅನೇಕ ಡಾಕ್ಟರುಗಳು ಬಂದರು. ಪ್ರವೇಶದ ದಾರಿ ಬೇರೆ ಇರಬಹುದು, ಕೊನೆಯ ಪರೀಕ್ಷೆ ಎಲ್ಲರಿಗೂ ಒಂದೇ. ಮೊದಲ ಅಬೊರಿಜಿನಲ್ ಸರ್ಜನ್ ಕೆಲ್ವಿನ್ ಕಾಂಗ್ ಅವರ ಕೆಲಸ ಕಿವಿ, ಮೂಗು, ಗಂಟಲಿನದ್ದು. ಅಬೊರಿಜಿನಲ್ ಮಕ್ಕಳನ್ನು ಕಿವಿ ಸೋಂಕು ಎಷ್ಟು ಕಾಡುತ್ತದೆ, ಅದರಿಂದ ಶಾಲೆಯಲ್ಲಿ ಪಾಠವೇ ಕೇಳಿಸದೆ ಹಿಂದೆ ಬೀಳುತ್ತಾರೆ ಅಂತ ಗೊತ್ತಿದ್ದವರಿಗೆ ಇದರ ಬೆಲೆ ತಿಳಿಯುತ್ತದೆ.

ಈ ಪಾಠ ಎಲ್ಲ ಕಡೆ ಚೆನ್ನಾಗಿ ನಡೆಯುತ್ತಿದೆ ಅಂತ ನಾನು ಹೇಳುವುದಿಲ್ಲ. ಆನ್‌ಲೈನ್‌ನಲ್ಲಿ ಒಂದು ಮಾಡ್ಯೂಲ್ ಕ್ಲಿಕ್ ಮಾಡಿ ಸರ್ಟಿಫಿಕೇಟ್ ತಗೊಂಡರೆ ಏನೂ ಬದಲಾಗುವುದಿಲ್ಲ. ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಸತ್ತವರ ಹೆಸರು ಹೇಳಬೇಡಿ ಅಂತ ಪಟ್ಟಿ ಕೊಟ್ಟು ಮುಗಿಸುವ ಪಾಠವಂತೂ ಅಪಾಯ. ಬ್ರಿಟಿಷರು ಬರುವ ಮೊದಲು ಇಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಉತ್ತರದ ತುದಿಯ ಆರ್ನೆಮ್‌ಲ್ಯಾಂಡಿನ ಪದ್ಧತಿಯನ್ನು ರೆಡ್‌ಫರ್ನ್‌ನಲ್ಲಿ ಹುಟ್ಟಿ ಬೆಳೆದ ಹುಡುಗನ ಮೇಲೆ ಹೇರಿದರೆ ಅದೂ ಅವಮಾನವೇ. ಇನ್ನೊಂದು ನನ್ನನ್ನು ಕಾಡುವ ವಿಷಯ, ಕಲಿಸುವ ಭಾರವೆಲ್ಲ ಬೆರಳೆಣಿಕೆಯ ಅಬೊರಿಜಿನಲ್ ಅಧ್ಯಾಪಕರ ತಲೆ ಮೇಲೆ ಬೀಳುವುದು. ತಮ್ಮ ಮನೆಯ ದುಃಖವನ್ನು ಪ್ರತಿ ವರ್ಷ ಹೊಸ ಬ್ಯಾಚಿನ ಮುಂದೆ ತೆರೆದಿಡುವುದು ಸುಲಭವಲ್ಲ. ಅವರಿಗೆ ಕಾಯಂ ಕೆಲಸ ಕೊಡಿ, ಪ್ರೊಫೆಸರ್ ಹುದ್ದೆ ಕೊಡಿ ಅಂತ ನಾನು ಪ್ರತಿ ಮೀಟಿಂಗಿನಲ್ಲೂ ಕೇಳುತ್ತೇನೆ.

ಕರ್ನಾಟಕದಿಂದ ಬರಲು ತಯಾರಾಗುತ್ತಿರುವ ಡಾಕ್ಟರುಗಳಿಗೆ ಒಂದೆರಡು ಮಾತು. ಹೊರದೇಶದಲ್ಲಿ ಓದಿದವರು ಮೆಡಿಕೇರ್‌ನಲ್ಲಿ ರೋಗಿಗಳನ್ನು ನೋಡಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷ ಡಾಕ್ಟರುಗಳ ಕೊರತೆ ಇರುವ ಕಡೆಯೇ ಕೆಲಸ ಮಾಡಬೇಕು. ಅಂಥ ಊರುಗಳಲ್ಲಿ ಅಬೊರಿಜಿನಲ್ ರೋಗಿಗಳು ನಿಮಗೆ ಸಿಕ್ಕೇ ಸಿಗುತ್ತಾರೆ. ಕೆಲಸಕ್ಕೆ ಸೇರುವ ಮೊದಲೇ ಅದು ಯಾರ ನೆಲ, ಅಲ್ಲಿ ಅಬೊರಿಜಿನಲ್ ಮೆಡಿಕಲ್ ಸರ್ವಿಸ್ ಎಲ್ಲಿದೆ ಅಂತ ತಿಳಿದುಕೊಳ್ಳಿ. ಸೇರಿದ ವಾರವೇ ಅಲ್ಲಿಗೆ ಹೋಗಿ, ಅಲ್ಲಿನ ಹೆಲ್ತ್ ವರ್ಕರ್‌ಗಳ ಪರಿಚಯ ಮಾಡಿಕೊಳ್ಳಿ. ಊರಿನ ಯಾವ ಮನೆಯಲ್ಲಿ ಯಾರಿಗೆ ಏನು ಕಷ್ಟ ಅಂತ ಅವರಿಗೆ ಗೊತ್ತಿರುತ್ತದೆ. ದುಭಾಷಿ ಬೇಕಾದರೆ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕೇಳಿ ಮೇಜಿನ ಮೇಲೆ ಬರೆದಿಡಿ. ಅಪಾಯಿಂಟ್‌ಮೆಂಟ್ ಹದಿನೈದು ನಿಮಿಷದ್ದಾದರೆ ಮೊದಲ ಭೇಟಿಗೆ ಎರಡು ಸ್ಲಾಟ್ ಹಾಕಿಸಿ, ಪ್ರಾಕ್ಟೀಸ್ ಮ್ಯಾನೇಜರ್ ಬೇಡ ಅಂದರೂ ಬಿಡಬೇಡಿ.